ಮೊದಲು ಆರ್‌ಪಿಎಂ, ಆಮೇಲೆ ಅರ: ಮಣ್ಣಿನ ಟ್ರ್ಯಾಕಿಗೆ ಒಂದು ಆರ್‌ಎಕ್ಸ್ ಇಂಜಿನ್

ಯಮಹಾ ಆರ್‌ಎಕ್ಸ್ 100 ಗಾಡಿಯ ತಯಾರಿಕೆ ನಮ್ಮ ದೇಶದಲ್ಲಿ 1985ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು. ಆದರೂ ಹುಬ್ಬಳ್ಳಿ-ಧಾರವಾಡದ ಹಳೆಯ ಗ್ಯಾರೇಜುಗಳಿಗೆ ಅದರ ಇಂಜಿನ್ ಇಂದಿಗೂ ಬರುತ್ತಲೇ ಇರುತ್ತದೆ, ಮತ್ತು ಮಣ್ಣಿನ ಟ್ರ್ಯಾಕಿನಲ್ಲಿ ಹವ್ಯಾಸಕ್ಕಾಗಿ ಗಾಡಿ ಓಡಿಸುವ ನಮ್ಮ ಭಾಗದ ಹುಡುಗರು ಮೊದಲು ಕೈ ಹಾಕುವುದೂ ಅದಕ್ಕೇ. 50 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 50 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 98 ಸಿ.ಸಿ., ಗಾಳಿಯಿಂದಲೇ ತಂಪಾಗುವ ಟೂ ಸ್ಟ್ರೋಕ್. ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮುಚ್ಚಳದಲ್ಲಿ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಒಂದು ಟೂಲ್ ಪೆಟ್ಟಿಗೆ, ಮ್ಯಾಗ್ನೆಟ್ ಪುಲ್ಲರ್ ಮತ್ತು ತಾಳ್ಮೆ ಇದ್ದವರು ಮನೆಯ ಹಿತ್ತಲಲ್ಲೇ ಅದನ್ನು ಪೂರ್ತಿ ಬಿಚ್ಚಿ ಜೋಡಿಸಬಹುದು. ಚಿಕ್ಕಪ್ಪನ ಮಗ ಓಡಿಸುವ ಟ್ರ್ಯಾಕ್ ಗಾಡಿಗಾಗಿ ಇಂಥದೊಂದು ಇಂಜಿನ್ನನ್ನು ನಾನು ಈಚೆಗೆ ಬುಡದಿಂದ ಕಟ್ಟಿದೆ. ಆ ಕೆಲಸದಲ್ಲಿ ನನಗೆ ಮುಖ್ಯವೆನಿಸಿದ್ದನ್ನು, ವಿಶೇಷವಾಗಿ ಅಳತೆಗಳ ವಿಷಯವನ್ನು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರೇಸಿಗೆ ಇಂಜಿನ್ ಸಿದ್ಧಪಡಿಸುವುದೆಂದರೆ ಪೋರ್ಟ್ (ಸಿಲಿಂಡರಿನ ಗೋಡೆಯಲ್ಲಿರುವ ಕಿಟಕಿ) ಉಜ್ಜುವುದು, ಹೆಡ್ ಇಳಿಸುವುದು, ದೊಡ್ಡ ಕಾರ್ಬ್ಯುರೇಟರ್ ಹಾಕುವುದು ಎಂದು ಬಿಡಿಬಿಡಿಯಾಗಿ ಯೋಚಿಸುವ ರೂಢಿ ನಮ್ಮಲ್ಲಿದೆ. ಒಬ್ಬರ ಗಾಡಿಯಿಂದ ಪೋರ್ಟಿನ ಅಳತೆ, ಇನ್ನೊಬ್ಬರಿಂದ ಸೈಲೆನ್ಸರ್, ಮತ್ತೊಬ್ಬರು ಹೇಳಿದ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಕೂಡಿಸಿದರೆ ಗಾಡಿ ಸದ್ದು ಮಾಡುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಇಂಜಿನ್ ಯಾವ ಆರ್‌ಪಿಎಂನಿಂದ (ನಿಮಿಷಕ್ಕೆ ತಿರುಗುವ ಸುತ್ತುಗಳು) ಯಾವ ಆರ್‌ಪಿಎಂವರೆಗೆ ಎಳೆಯಬೇಕು ಎಂಬುದನ್ನು ಕಾಗದದ ಮೇಲೆ ಮೊದಲು ಬರೆದುಕೊಳ್ಳಬೇಕು. ಪೋರ್ಟ್, ಹೆಡ್, ಸೈಲೆನ್ಸರ್, ಜೆಟ್, ಪಾಯಿಂಟ್ (ಪ್ಲಗ್ಗಿನ ಕಿಡಿಯ ಸಮಯ ನಿಗದಿಮಾಡುವ ಸ್ವಿಚ್), ಹಿಂದಿನ ಸ್ಪ್ರಾಕೆಟ್ ಇವೆಲ್ಲವೂ ಆ ಒಂದೇ ಸಾಲಿಗೆ ಬದ್ಧವಾಗಿರಬೇಕು.

ಕಂಪನಿಯಿಂದ ಬಂದ ಇಂಜಿನ್ 7500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿ ಕೊಡುತ್ತದೆ, ಅದರ ಎಳೆತ ಅತಿ ಹೆಚ್ಚಿರುವುದು 6500ರಲ್ಲಿ. ಗೇರು ಇರುವುದು ನಾಲ್ಕೇ. ನಾಲ್ಕು ಗೇರಿನ ಗಾಡಿಯಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹಾಕಿದಾಗ ಆರ್‌ಪಿಎಂ ಬಹಳ ಕೆಳಗೆ ಬೀಳುತ್ತದೆ; ಬಿದ್ದ ಜಾಗದಲ್ಲಿ ಎಳೆತ ಇಲ್ಲದಿದ್ದರೆ ಮೇಲೆ ಎಷ್ಟು ಶಕ್ತಿ ಇದ್ದರೂ ಪ್ರಯೋಜನವಿಲ್ಲ. ಅಲ್ಲದೆ ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಹಾಕುವ ಟ್ರ್ಯಾಕುಗಳಲ್ಲಿ ನೇರ ಓಟ ಕಡಿಮೆ, ತಿರುವುಗಳೇ ಹೆಚ್ಚು, ಮೇಲಿನ ಮಣ್ಣು ಸಡಿಲ. ಅಲ್ಲಿ ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ಹಿಡಿತ ಬಿಡದಂತೆ ಎಳೆಯುವ ಇಂಜಿನ್ ಬೇಕು. ಆದ್ದರಿಂದ 6000ದಿಂದ 8500ರವರೆಗೆ ಎಂದು ನಾನು ಗೆರೆ ಹಾಕಿಕೊಂಡೆ.

10,500ಕ್ಕೆ ತಿರುಗಿಸುವ ಆಸೆ ಹುಡುಗರಿಗೆ ಇದ್ದೇ ಇರುತ್ತದೆ. ಅದನ್ನು ಬಿಟ್ಟದ್ದಕ್ಕೆ ಲೆಕ್ಕವೂ ಕಾರಣ. 50 ಮಿ.ಮೀ. ಸ್ಟ್ರೋಕಿನಲ್ಲಿ 8500 ಆರ್‌ಪಿಎಂಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 14 ಮೀಟರ್, 10,500ಕ್ಕೆ ಹದಿನೇಳೂವರೆ. ಪಿಸ್ಟನ್ನಿನ ಜಡತ್ವದಿಂದ ಕನೆಕ್ಟಿಂಗ್ ರಾಡ್ ಮತ್ತು ಬಿಗ್ ಎಂಡ್ (ರಾಡ್ ಕ್ರ್ಯಾಂಕಿಗೆ ಕೂಡುವ ತುದಿ) ಬೇರಿಂಗಿನ ಮೇಲೆ ಬೀಳುವ ಹೊರೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದಾದ್ದರಿಂದ ಈ ಎರಡರ ನಡುವೆ ಆ ಹೊರೆ ಒಂದೂವರೆ ಪಟ್ಟಾಗುತ್ತದೆ. ಇಂದು ಸಿಗುವ ಬಿಡಿಭಾಗಗಳ ಗುಣಮಟ್ಟದಲ್ಲಿ ಅಷ್ಟು ಹೊರೆಯನ್ನು ಹೇರುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಕಟ್ಟುವ ಕೆಲಸ. ಮಾರ್ಪಾಡಿಗೆ ಮುಂಚೆ ಇಂಜಿನ್ ಆರೋಗ್ಯವಾಗಿರಬೇಕು, ಮತ್ತು ಟೂ ಸ್ಟ್ರೋಕಿನ ಆರೋಗ್ಯ ಕೆಳಗಿನಿಂದ, ಅಂದರೆ ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕಿನಿಂದ ಶುರುವಾಗುತ್ತದೆ. ಆರ್‌ಎಕ್ಸ್‌ನ ಕ್ರ್ಯಾಂಕ್ ಒತ್ತಿ ಜೋಡಿಸಿದ್ದು; ಬಿಗ್ ಎಂಡ್ ಸವೆದರೆ ಪ್ರೆಸ್ಸಿನಲ್ಲಿ ಬಿಚ್ಚಿ, ರಾಡ್ ಕಿಟ್ ಹಾಕಿ, ಮತ್ತೆ ಒತ್ತಬೇಕು. ಒತ್ತುವುದು ಸುಲಭ, ನೇರ ಮಾಡುವುದೇ ಕಷ್ಟ. ಗೋಕುಲ ರೋಡಿನ ಕೈಗಾರಿಕಾ ವಸಾಹತಿನ ಲೇತ್ ಒಂದರಲ್ಲಿ ಕ್ರ್ಯಾಂಕನ್ನು ಎರಡು ವಿ-ಬ್ಲಾಕುಗಳ ಮೇಲಿಟ್ಟು, ಎರಡೂ ತುದಿಗೆ ಡಯಲ್ ಗೇಜ್ ಹಚ್ಚಿ, ಮುಳ್ಳು 0.03 ಮಿ.ಮೀ.ಗಿಂತ ಹೆಚ್ಚು ಅಲುಗದ ಹಾಗೆ ತಾಮ್ರದ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಟ್ಟು ತಿದ್ದಿಸಿದೆ. ಈ ಒಂದು ಕೆಲಸಕ್ಕೆ ಅವಸರ ಮಾಡುವ ಅಂಗಡಿಗೆ ಕ್ರ್ಯಾಂಕ್ ಕೊಡಬಾರದು. ಕ್ರ್ಯಾಂಕ್ ಓರೆಯಿದ್ದರೆ ಹೊಸ ಬೇರಿಂಗುಗಳು ಬಹುಬೇಗ ಸದ್ದು ಮಾಡುತ್ತವೆ, ಪಾಯಿಂಟಿನ ಗ್ಯಾಪ್ ಪ್ರತಿ ಸುತ್ತಿಗೂ ಬದಲಾಗುತ್ತದೆ. ಬೇರಿಂಗ್ ಕೊಳ್ಳುವಾಗ ಸಿ3 ಗುರುತಿನದನ್ನೇ ಕೇಳಿ ತರಬೇಕು. ಬಿಸಿಯಾದಾಗ ಹಿಗ್ಗಲು ಅದರೊಳಗೆ ಸ್ವಲ್ಪ ಹೆಚ್ಚು ಜಾಗ ಇರುತ್ತದೆ.

ಆಯಿಲ್ ಸೀಲುಗಳ ಬೆಲೆ ಚಿಕ್ಕದು, ಆದರೆ ಟೂ ಸ್ಟ್ರೋಕಿನಲ್ಲಿ ಅವುಗಳ ಜವಾಬ್ದಾರಿ ದೊಡ್ಡದು. ಇಲ್ಲಿ ಕ್ರ್ಯಾಂಕ್‌ಕೇಸೇ ಗಾಳಿ ಎಳೆದುಕೊಳ್ಳುವ ಪಂಪು. ಮ್ಯಾಗ್ನೆಟ್ ಕಡೆಯ ಸೀಲ್ ಸೋರಿದರೆ ಅಲ್ಲಿಂದ ಬರಿ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲ್ ಒಳಗೆ ಬಂದು ಹೊಗೆಯಾಗುತ್ತದೆ. ಇಂಜಿನ್ ಜೋಡಿಸಿದ ಮೇಲೆ ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿಗಳನ್ನು ರಬ್ಬರ್ ತಗಡಿನಿಂದ ಮುಚ್ಚಿ, ಸೈಕಲ್ ಟ್ಯೂಬಿನ ವಾಲ್ವ್ ಮೂಲಕ 6 ಪಿ.ಎಸ್.ಐ.ನಷ್ಟು ಗಾಳಿ ತುಂಬಿ, ಗೇಜಿನ ಮುಳ್ಳು ಕೆಲವು ನಿಮಿಷ ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಎಲ್ಲರೂ ಮಾಡಬೇಕೆಂಬುದು ನನ್ನ ಒತ್ತಾಯ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬಹುದು. ಪೋರ್ಟ್ ಉಜ್ಜಿ ಗಳಿಸುವ ಶಕ್ತಿಗಿಂತ ಈ ಪರೀಕ್ಷೆ ಉಳಿಸುವ ಇಂಜಿನ್ನಿನ ಬೆಲೆ ಹೆಚ್ಚು.

ಬೋರಿಂಗ್ ಮಾಡುವ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವ, ಕಾಕಾ ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರು. ಸಿಲಿಂಡರ್ ಬ್ಲಾಕ್ ಮೇಜಿನ ಮೇಲಿಟ್ಟ ಕೂಡಲೇ ಅವರು ಕೇಳಿದ್ದು ಪಿಸ್ಟನ್ ಎಲ್ಲಿ ಎಂದು. "ಪಿಸ್ಟನ್ ಕೈಯಾಗ ಇದ್ರ ಬೋರ್ ಮಾಡೂದು ತಮ್ಮಾ. ಬೋರ್ ಮಾಡಿ ಆಮ್ಯಾಲ ಪಿಸ್ಟನ್ ಹುಡಕ್ಕೋತ ಹೋಗೂದಲ್ಲ." ಓವರ್‌ಸೈಜ್ 0.25ರಿಂದ ಶುರುವಾಗಿ 1.00 ಮಿ.ಮೀ.ವರೆಗೆ ಕಾಲು ಕಾಲಾಗಿ ಏರುತ್ತದೆ. ಆದರೆ ಡಬ್ಬಿಯ ಮೇಲೆ 0.50 ಎಂದು ಬರೆದ ಎರಡು ಪಿಸ್ಟನ್ನುಗಳು ಮೈಕ್ರೋಮೀಟರಿನಲ್ಲಿ ಒಂದೇ ಅಳತೆ ತೋರಿಸಬೇಕೆಂದೇನೂ ಇಲ್ಲ. ಅವರು ಪಿಸ್ಟನ್ ಸ್ಕರ್ಟನ್ನು ಪಿನ್ನಿಗೆ ಅಡ್ಡಲಾಗಿ ಹಿಡಿದು ಅಳೆದು, ಸಂಖ್ಯೆಯನ್ನು ಬ್ಲಾಕಿನ ಮೇಲೆ ಚಾಕಿನಿಂದ ಬರೆದು, ನಂತರವೇ ಯಂತ್ರಕ್ಕೆ ಏರಿಸಿದರು.

ಪಿಸ್ಟನ್ನಿಗೂ ಬೋರಿಗೂ ನಡುವೆ ಗ್ಯಾಪ್ ಎಷ್ಟು ಬಿಡೋಣ ಎಂಬ ಪ್ರಶ್ನೆಗೆ ಅವರದೊಂದು ಮರುಪ್ರಶ್ನೆ: "ಪ್ಯಾಟಿಗೆ ಹೋಗಿ ಬರೂ ಗಾಡಿ ಏನು, ಮಣ್ಣಾಗ ಓಡ್ಸೂ ಗಾಡಿ ಏನು?" ಮಣ್ಣಿನದು ಎಂದಾಗ ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಭಾಗ) ಬಿಟ್ಟರು, ಅಂದರೆ 0.05 ಮಿ.ಮೀ. ರಸ್ತೆಯ ಗಾಡಿಗೆ ಇದಕ್ಕಿಂತ ಸ್ವಲ್ಪ ಬಿಗಿ ಇದ್ದರೂ ನಡೆಯುತ್ತದೆ; ಆದರೆ ಏಪ್ರಿಲ್ ಬಿಸಿಲಿನಲ್ಲಿ, ನಿಧಾನ ವೇಗದಲ್ಲಿ, ಪೂರ್ತಿ ಆಕ್ಸಿಲರೇಟರ್ ತಿರುಗಿಸಿ ಓಡುವ ಗಾಳಿ ತಂಪಿನ ಇಂಜಿನ್ನಿನಲ್ಲಿ ಪಿಸ್ಟನ್ ಹೆಚ್ಚು ಹಿಗ್ಗುತ್ತದೆ. ಹೋನಿಂಗ್ (ಬೋರನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಮಾಡುವ ಮುಂಚೆ ಪೋರ್ಟುಗಳ ಅಂಚನ್ನು ಕೈಯಿಂದಲೇ ಮುರಿಯಬೇಕು. ಬೋರ್ ಮಾಡಿದ ಮೇಲೆ ಆ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ, ಹಾಗೇ ಬಿಟ್ಟರೆ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಸಣ್ಣ ಕಲ್ಲಿನ ತುಂಡಿನಿಂದ, ಎಕ್ಸಾಸ್ಟ್ ಪೋರ್ಟಿನ ಮೇಲಂಚಿಗೆ ಸ್ವಲ್ಪ ಹೆಚ್ಚು, ಉಳಿದವಕ್ಕೆ ಸ್ವಲ್ಪ ಕಡಿಮೆ ಎಂದು ಅರ್ಧ ಮಿಲಿಮೀಟರಿನೊಳಗೆ ಇಳಿಜಾರು ಕೊಟ್ಟರೆ ಸಾಕು.

ಈಗ ಪೋರ್ಟ್ ಟೈಮಿಂಗ್. ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದೇ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನೇ ವಾಲ್ವ್ ಆದ್ದರಿಂದ ಪೋರ್ಟಿನ ಎತ್ತರವೇ ಅದರ ಕ್ಯಾಮ್. ಅಳೆಯಲು ದುಬಾರಿ ಉಪಕರಣ ಬೇಕಿಲ್ಲ: 360 ಡಿಗ್ರಿ ಗುರುತಿನ ಚಕ್ರವನ್ನು ಕಾಗದದ ಮೇಲೆ ಮುದ್ರಿಸಿ, ತಗಡಿಗೆ ಅಂಟಿಸಿ, ಮ್ಯಾಗ್ನೆಟ್ ತೆಗೆದ ಕ್ರ್ಯಾಂಕಿನ ತುದಿಗೆ ಬಿಗಿದು, ಕೇಸಿಂಗಿನ ಒಂದು ಬೋಲ್ಟಿಗೆ ತಂತಿಯ ಮುಳ್ಳು ಕಟ್ಟಿದರಾಯಿತು. ಟಿ.ಡಿ.ಸಿ., ಅಂದರೆ ಪಿಸ್ಟನ್ ಅತಿ ಮೇಲಿರುವ ಬಿಂದು, ಹುಡುಕುವಾಗ ಮಾತ್ರ ಕಣ್ಣನ್ನು ನಂಬಬಾರದು. ಪಿಸ್ಟನ್ ಮೇಲ್ತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ನಿಂತಂತೆಯೇ ಕಾಣುತ್ತದೆ. ಪ್ಲಗ್ಗಿನ ತೂತಿಗೆ ಒಂದು ಅಡ್ಡ ಬೋಲ್ಟ್ ಹಾಕಿ, ಪಿಸ್ಟನ್ ಅದಕ್ಕೆ ತಾಗುವವರೆಗೆ ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಿರುಗಿಸಿ ಓದಿಕೊಂಡು, ಮತ್ತೆ ಇನ್ನೊಂದು ದಿಕ್ಕಿಗೆ ತಿರುಗಿಸಿ ಓದಿಕೊಂಡು, ಎರಡರ ಸರಿನಡುವಿನ ಗೆರೆಗೆ ಸೊನ್ನೆಯನ್ನು ಕೂಡಿಸಿದರೆ ಅದೇ ನಿಜವಾದ ಟಿ.ಡಿ.ಸಿ. ನಂತರ ಪಿಸ್ಟನ್ನಿನ ಅಂಚು ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಬಿಡುವ ಕ್ಷಣವನ್ನು ಒಳಗಿನಿಂದ ಟಾರ್ಚ್ ಹಿಡಿದು ನೋಡಿ ಗುರುತಿಸಬೇಕು, ಬೆಳಕಿನ ಕೂದಲೆಳೆ ಕಾಣಿಸಿದಲ್ಲೇ ನಿಲ್ಲಿಸಬೇಕು.

ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಪೋರ್ಟ್ ತೆರೆದಿರುವ ಅವಧಿಗೆ ನಾನು ಇಟ್ಟುಕೊಂಡ ಗುರಿ ಎಕ್ಸಾಸ್ಟ್ 180 ಡಿಗ್ರಿ, ಟ್ರಾನ್ಸ್‌ಫರ್ (ಕ್ರ್ಯಾಂಕ್‌ಕೇಸಿನಿಂದ ಹೊಸ ಮಿಶ್ರಣ ಮೇಲೆ ಬರುವ ಪೋರ್ಟ್) 122 ಡಿಗ್ರಿ. ಎರಡರ ವ್ಯತ್ಯಾಸದ ಅರ್ಧ, ಅಂದರೆ 29 ಡಿಗ್ರಿ, ಟ್ರಾನ್ಸ್‌ಫರ್ ತೆರೆಯುವ ಮುಂಚೆ ಸುಟ್ಟ ಗಾಳಿ ಹೊರಹೋಗಲು ಸಿಗುವ ಅವಕಾಶ. ಅದು ಕಡಿಮೆಯಾದರೆ ಒಳಗಿನ ಒತ್ತಡ ಇನ್ನೂ ಇಳಿದಿರುವುದಿಲ್ಲ; ಸುಟ್ಟ ಗಾಳಿ ಟ್ರಾನ್ಸ್‌ಫರ್ ಮೂಲಕ ಕೆಳಗೆ ನುಗ್ಗಿ ಹೊಸ ಮಿಶ್ರಣವನ್ನೇ ಕೆಡಿಸುತ್ತದೆ. ರೋಡ್ ರೇಸಿನ ಇಂಜಿನ್ನುಗಳಲ್ಲಿ ಎಕ್ಸಾಸ್ಟ್ 195 ಡಿಗ್ರಿಯ ಮೇಲೂ ಹೋಗುತ್ತದೆ, ಆದರೆ ಅವು ಆರು ಗೇರಿನ, ಕೆಳಗಿನ ಆರ್‌ಪಿಎಂಗೆ ಎಂದೂ ಇಳಿಯದ ಇಂಜಿನ್ನುಗಳು.

ಈ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಏರಿಸಿದರೆ ಒಂದು ಬದಿಗೆ ಸುಮಾರು 2.3 ಡಿಗ್ರಿ, ಒಟ್ಟು ಅವಧಿ ನಾಲ್ಕೂವರೆ ಡಿಗ್ರಿಯಷ್ಟು ಹೆಚ್ಚುತ್ತದೆ. ಉಜ್ಜುವ ಬದಲು ಬ್ಲಾಕಿನ ಕೆಳಗೆ 1 ಮಿ.ಮೀ. ದಪ್ಪದ ಪ್ಯಾಕಿಂಗ್ ಕೊಟ್ಟು ಇಡೀ ಸಿಲಿಂಡರನ್ನೇ ಏರಿಸಿದರೆ ಎಕ್ಸಾಸ್ಟಿಗೆ ಅದೇ ನಾಲ್ಕೂವರೆ ಬಂದರೂ ಟ್ರಾನ್ಸ್‌ಫರ್ ಅವಧಿ 6 ಡಿಗ್ರಿ ಹೆಚ್ಚುತ್ತದೆ, ಏಕೆಂದರೆ ಕೆಳಗೆ ಹೋದಂತೆ ಪಿಸ್ಟನ್ ನಿಧಾನವಾಗುತ್ತದೆ. ಅಂದರೆ ಸಿಲಿಂಡರ್ ಏರಿಸಿದಾಗ ಮೇಲೆ ಹೇಳಿದ 29 ಡಿಗ್ರಿಯ ಅವಕಾಶ ಕಿರಿದಾಗುತ್ತದೆ. ಈ ಸೂಕ್ಷ್ಮ ತಿಳಿಯದೆ ದಪ್ಪ ಪ್ಯಾಕಿಂಗ್ ಹಾಕಿ, ಮೇಲೆ ಯಾಕೆ ಎಳೆಯುವುದಿಲ್ಲ ಎಂದು ಜೆಟ್ ಬದಲಿಸುತ್ತ ಕೂರುವವರಿದ್ದಾರೆ. ನಾನು ಮೊದಲು ಪ್ಯಾಕಿಂಗಿನಿಂದ ಟ್ರಾನ್ಸ್‌ಫರನ್ನು ಗುರಿಗೆ ತಂದು, ಎಕ್ಸಾಸ್ಟಿಗೆ ಉಳಿದ ಕೊರತೆಯನ್ನಷ್ಟೇ ಅರದಿಂದ ತುಂಬಿದೆ. ಪ್ಯಾಕಿಂಗನ್ನು ನಾಳೆ ತೆಗೆಯಬಹುದು, ಉಜ್ಜಿದ ಲೋಹ ಮರಳಿ ಬರುವುದಿಲ್ಲ.

ಪೋರ್ಟನ್ನು ಅಗಲ ಮಾಡುವುದಕ್ಕೂ ಮಿತಿಯಿದೆ. ನಡುವೆ ಕಂಬವಿಲ್ಲದ ಒಂಟಿ ಎಕ್ಸಾಸ್ಟ್ ಪೋರ್ಟಿನಲ್ಲಿ ಬೋರಿನ ಶೇ 65ರೊಳಗೆ, ಅಂದರೆ 50 ಮಿ.ಮೀ.ಗೆ ಸುಮಾರು 32 ಮಿ.ಮೀ. ಒಳಗೆ ನಿಲ್ಲಿಸಿದರೆ ರಿಂಗ್ ಹೊರಕ್ಕೆ ಉಬ್ಬಿ ಸಿಕ್ಕಿಕೊಳ್ಳುವ ಭಯ ಕಡಿಮೆ. ಮೇಲಂಚು ಚಪ್ಪಟೆಯಾಗಿರದೆ ಕಮಾನಿನಂತೆ ಬಾಗಿರಬೇಕು. ರಿಂಗಿನ ಎರಡು ತುದಿಗಳು ಕೂರುವ ಪಿನ್ ಯಾವ ಪೋರ್ಟಿನ ಮೇಲೂ ಹಾಯುವುದಿಲ್ಲವೆಂದು ಪಿಸ್ಟನ್ನನ್ನು ಕೈಯಲ್ಲಿ ತೂರಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು. ಎರಕದ ಲೈನರಿನ ಕಿಟಕಿ ಮತ್ತು ಹೊರಗಿನ ಅಲ್ಯೂಮಿನಿಯಂ ದಾರಿ ಕೂಡುವಲ್ಲಿ ಇರುವ ಮೆಟ್ಟಿಲನ್ನು ನುಣುಪು ಮಾಡಿದ್ದು ಬಿಟ್ಟರೆ ಟ್ರಾನ್ಸ್‌ಫರ್ ದಾರಿಗಳನ್ನು ನಾನು ಮುಟ್ಟಲಿಲ್ಲ; ಎರಡೂ ಬದಿಯ ದಾರಿಗಳು ಒಂದೇ ಕ್ಷಣಕ್ಕೆ ತೆರೆಯುವುದು ಅವುಗಳ ಹೊಳಪಿಗಿಂತ ಮುಖ್ಯ.

ಪೋರ್ಟ್ ಏರಿದರೆ ಕಂಪ್ರೆಶನ್ ಇಳಿಯುತ್ತದೆ, ಏಕೆಂದರೆ ಟೂ ಸ್ಟ್ರೋಕಿನಲ್ಲಿ ನಿಜವಾದ ಒತ್ತುವಿಕೆ ಶುರುವಾಗುವುದು ಎಕ್ಸಾಸ್ಟ್ ಮುಚ್ಚಿದ ಮೇಲೆ. ಎಕ್ಸಾಸ್ಟ್ ಮುಚ್ಚಿದಾಗ ಪಿಸ್ಟನ್ನಿಗೆ ಇನ್ನೂ 28 ಮಿ.ಮೀ. ದಾರಿ ಉಳಿದಿದೆ, ಹೆಡ್ಡಿನೊಳಗಿನ ಜಾಗ 9 ಸಿ.ಸಿ. ಎಂದುಕೊಳ್ಳೋಣ. 28 ಮಿ.ಮೀ. ಅಂದರೆ 55 ಸಿ.ಸಿ.; 55 ಮತ್ತು 9 ಕೂಡಿಸಿ 9ರಿಂದ ಭಾಗಿಸಿದರೆ ಅನುಪಾತ 7.1. ಪೋರ್ಟ್ 1 ಮಿ.ಮೀ. ಏರಿದರೆ ಅದು 6.9ಕ್ಕೆ ಇಳಿಯುತ್ತದೆ. ಪೂರ್ತಿ ಸ್ಟ್ರೋಕಿನ ಲೆಕ್ಕ ಹಿಡಿದರೆ ಇದೇ ಇಂಜಿನ್ 11.9 ಎನಿಸಿಕೊಳ್ಳುತ್ತದೆ, ಆದ್ದರಿಂದ ಇಬ್ಬರು ಕಂಪ್ರೆಶನ್ ಬಗ್ಗೆ ಮಾತಾಡುವಾಗ ಯಾವ ಲೆಕ್ಕ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಹೆಡ್ಡಿನ ಜಾಗವನ್ನು ಪ್ಲಗ್ ತೂತಿನಿಂದ ಸಿರಿಂಜಿನಲ್ಲಿ ತೆಳು ಎಣ್ಣೆ ಬಿಟ್ಟು ಅಳೆಯಬಹುದು.

ಹೆಡ್ ಇಳಿಸುವಾಗ ಗಮನವಿರಬೇಕಾದ್ದು ಸ್ಕ್ವಿಶ್, ಅಂದರೆ ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಅದರ ಅಂಚಿಗೂ ಹೆಡ್ಡಿನ ಅಂಚಿಗೂ ಇರುವ ಸಂದು. ಬೆಸುಗೆಯ ಸೀಸದ ತಂತಿಯನ್ನು ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲೇ ಎರಡೂ ಬದಿಗೆ ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತುದಿಯನ್ನು ವರ್ನಿಯರಿನಲ್ಲಿ ಅಳೆಯಬೇಕು. ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ ಇಟ್ಟರೆ ಪಿಸ್ಟನ್ ಓಲಾಡಿ ಸುಳ್ಳು ಅಳತೆ ಬರುತ್ತದೆ. ಎರಡೂ ಬದಿ 0.9 ಮಿ.ಮೀ. ಬರುವಂತೆ ಲೇತಿನಲ್ಲಿ ಹೆಡ್ಡನ್ನು ಇಳಿಸಿದೆ. ಈ ಸಂದು ಅಗಲವಾದಷ್ಟೂ ಅಂಚಿನ ಮಿಶ್ರಣ ತಾನೇ ಹೊತ್ತಿ ನಾಕಿಂಗ್ ಆಗುವ ಸಂಭವ ಹೆಚ್ಚು. ತೀರಾ ಕಿರಿದಾದರೆ ವೇಗದಲ್ಲಿ ರಾಡ್ ಹಿಗ್ಗಿದಾಗ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ.

ಸೈಲೆನ್ಸರ್ ಬಗ್ಗೆ ಬರೆಯುವಾಗ ಪೂರ್ವ ಜರ್ಮನಿಯ ವಾಲ್ಟರ್ ಕಾಡನ್ ಅವರನ್ನು ನೆನೆಯದೆ ಇರಲಾಗದು. ಎಂ.ಝಡ್. ಕಂಪನಿಯಲ್ಲಿ, ತೀರಾ ಕಡಿಮೆ ಹಣ ಮತ್ತು ಸಲಕರಣೆಯಲ್ಲಿ, 1950ರ ದಶಕದಲ್ಲಿ ಅವರು ಎಕ್ಸಾಸ್ಟ್ ಕೊಳವೆಯೊಳಗಿನ ಒತ್ತಡದ ಅಲೆಗಳನ್ನು ಅಭ್ಯಾಸ ಮಾಡಿ, ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಚೇಂಬರನ್ನು ಒಂದು ಶಾಸ್ತ್ರವಾಗಿಸಿದರು. 1961ರಲ್ಲಿ ಅವರ 125 ಸಿ.ಸಿ. ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು, ಅಂದರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿ ಸೇರಿದರು, ಮರುವರ್ಷ 50 ಸಿ.ಸಿ. ವಿಶ್ವ ಚಾಂಪಿಯನ್ ಆದರು. ಜಪಾನಿನ ಟೂ ಸ್ಟ್ರೋಕ್ ರೇಸ್ ಗಾಡಿಗಳ ಏಳಿಗೆಯಲ್ಲಿ ಆ ತಿಳಿವಳಿಕೆಯ ಪಾಲು ದೊಡ್ಡದು.

ತತ್ವ ಹೀಗಿದೆ: ಪೋರ್ಟ್ ತೆರೆದಾಗ ಹೊರಟ ಅಲೆ ಚೇಂಬರಿನ ಹಿಂದಿನ ಕಿರಿದಾಗುವ ಶಂಕುವಿಗೆ ಬಡಿದು ಮರಳಿ ಬಂದು, ಹೊರಗೆ ಚೆಲ್ಲಿದ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುಂಚೆ ಒಳಕ್ಕೆ ತಳ್ಳಬೇಕು. 8500 ಆರ್‌ಪಿಎಂನಲ್ಲಿ 180 ಡಿಗ್ರಿ ತಿರುಗಲು ಹಿಡಿಯುವ ಸಮಯ 0.0035 ಸೆಕೆಂಡು. ಬಿಸಿ ಎಕ್ಸಾಸ್ಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದು ಹಿಡಿದರೆ ಅಷ್ಟರಲ್ಲಿ ಅದು ಓಡುವ ದೂರ 1.76 ಮೀಟರ್, ಹೋಗಿ ಬರುವ ದಾರಿಯಾದ್ದರಿಂದ ಅದರ ಅರ್ಧ 88 ಸೆಂ.ಮೀ. ಪಿಸ್ಟನ್ನಿನ ಮುಖದಿಂದ ಹಿಂದಿನ ಶಂಕುವಿನ ನಡುಭಾಗದವರೆಗೆ ಇರಬೇಕಾದ ಉದ್ದ ಇದೇ. ತೆಳು ತಗಡಿನ ಶಂಕುಗಳನ್ನು ಕಾಗದದ ಅಚ್ಚಿನಂತೆ ಕತ್ತರಿಸಿ, ಸುತ್ತಿ, ಗ್ಯಾಸ್ ವೆಲ್ಡಿಂಗ್ ಮಾಡಿಸಿದ್ದು ಹಳೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. 10,000 ಆರ್‌ಪಿಎಂಗೆ ಮಾಡಿದ ರೆಡಿಮೇಡ್ ಚೇಂಬರ್ ತಂದು ಹಚ್ಚಿದ್ದರೆ ನಾನು ಗೆರೆ ಹಾಕಿಕೊಂಡ ಪಟ್ಟಿಯಲ್ಲಿ ಅದು ಎಳೆತವನ್ನು ಕಡಿಮೆಯೇ ಮಾಡುತ್ತಿತ್ತು.

ಪಾಯಿಂಟಿನ ಬದಲು ಸಿ.ಡಿ.ಐ. (ಎಲೆಕ್ಟ್ರಾನಿಕ್ ಇಗ್ನಿಶನ್) ಹಾಕಿಸಿದೆ, ಹೆಚ್ಚಿನ ಆರ್‌ಪಿಎಂನಲ್ಲಿ ಪಾಯಿಂಟ್ ಕುಣಿಯುವ ತೊಂದರೆ ಅದಕ್ಕಿಲ್ಲ. ಟೈಮಿಂಗ್ ಅನ್ನು ಡಯಲ್ ಗೇಜಿನಲ್ಲಿ ಟಿ.ಡಿ.ಸಿ.ಗಿಂತ 2 ಮಿ.ಮೀ. ಮುಂಚೆ, ಅಂದರೆ ಸುಮಾರು 20 ಡಿಗ್ರಿಗೆ ಇಟ್ಟಿದ್ದೇನೆ. ಇನ್‌ಟೇಕಿನಲ್ಲಿರುವ ರೀಡ್ ವಾಲ್ವಿನ ತೆಳು ಎಲೆಗಳನ್ನು ಬೆಳಕಿಗೆ ಹಿಡಿದು ಸಂದು ಇಲ್ಲವೆಂದು, ತುದಿ ಚಕ್ಕೆ ಎದ್ದಿಲ್ಲವೆಂದು ನೋಡಿಯೇ ಹಾಕಬೇಕು. ಕ್ಲಚ್ಚಿಗೆ ಹೊಸ ಪ್ಲೇಟು, ಸ್ವಲ್ಪ ಗಟ್ಟಿ ಸ್ಪ್ರಿಂಗು. ಹಿಂದಿನ ಸ್ಪ್ರಾಕೆಟಿಗೆ ಎರಡು ಹಲ್ಲು ಹೆಚ್ಚು.

ಕಾರ್ಬ್ಯುರೇಟರಿನ ಜೆಟ್ ವಿಷಯದಲ್ಲಿ ನಮ್ಮ ಊರಿನ ನೆಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಸ್ವಲ್ಪ ಮೇಲೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 6ರಷ್ಟು ಕಡಿಮೆ. ಇಲ್ಲಿ ಸರಿಯಾಗಿ ಹೊಂದಿಸಿದ ಗಾಡಿಯನ್ನು ಘಟ್ಟ ಇಳಿಸಿ ಗೋವೆಗೆ ಒಯ್ದರೆ, ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದರೆ, ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ; ದೊಡ್ಡ ಮೇನ್ ಜೆಟ್ ಜೇಬಿನಲ್ಲಿ ಇರಲೇಬೇಕು. ಅಲ್ಲಿಂದ ಕೇಳಿ ತಂದ ಜೆಟ್ ನಂಬರು ಇಲ್ಲಿ ಹೊಗೆ ಕಾರುವುದಕ್ಕೂ ಇದೇ ಕಾರಣ.

ಇದರ ಮೇಲೆ ಈಗ ಪೆಟ್ರೋಲೇ ಬದಲಾಗಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಇಂಧನ ಹೆಚ್ಚು ಬೇಕಾಗುತ್ತದೆ: ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಸರಿಹೊಂದಿದರೆ ಇದಕ್ಕೆ 13.5ರ ಆಸುಪಾಸು ಸಾಕು. ಅಂದರೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯನ್ನು ನಾವೇ ಹಿತ್ತಾಳೆಯ ಜೆಟ್ ರೂಪದಲ್ಲಿ ಕೊಡಬೇಕು. ಹಳೆಯ ಜೆಟ್ಟಿನಲ್ಲೇ ಓಡಿಸಿ ಪಿಸ್ಟನ್ ಸೀಜ್ ಮಾಡಿಕೊಂಡ ಗಾಡಿಗಳು ಗ್ಯಾರೇಜುಗಳಿಗೆ ಬರುತ್ತಿವೆ. ಈ ಪೆಟ್ರೋಲ್ ನೀರನ್ನೂ ಹೀರಿಕೊಳ್ಳುವುದರಿಂದ ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಡಬಾರದು. ಲೀಟರಿಗೆ 40 ಮಿ.ಲೀ. ಒಳ್ಳೆಯ 2ಟಿ ಆಯಿಲ್ ಬೆರೆಸಿ, ಓಡಿಸುವ ದಿನವೇ ಮಾಡಿಕೊಳ್ಳುವುದು ನಮ್ಮ ಪದ್ಧತಿ.

ಜೆಟ್ ಸರಿಯಾಗಿದೆಯೇ ಎಂದು ತಿಳಿಯಲು ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಪೂರ್ತಿ ಎಳೆದು, ಆಕ್ಸಿಲರೇಟರ್ ಬಿಡದೆ ಇಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡವನ್ನು ನೋಡಬೇಕು. ನಿಧಾನವಾಗಿ ಓಡಿಸಿಕೊಂಡು ಬಂದು ಮನೆಯ ಮುಂದೆ ಬಿಚ್ಚಿದ ಪ್ಲಗ್ ಮೇನ್ ಜೆಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ದೊಡ್ಡ ಜೆಟ್ಟಿನಿಂದ ಶುರು ಮಾಡಿ ಕೆಳಗಿಳಿಯಬೇಕೇ ಹೊರತು ಚಿಕ್ಕದರಿಂದ ಮೇಲೇರಬಾರದು.

ಇಂಥ ಗಾಡಿಯನ್ನು ವಿದ್ಯಾನಗರದ ರಸ್ತೆಯಲ್ಲಿ ಸದ್ದು ಮಾಡಿಕೊಂಡು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನೋಂದಣಿಯ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, 189ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದನ್ನು ಅಪರಾಧವೆನ್ನುತ್ತದೆ. ನಮ್ಮ ಗಾಡಿ ಟ್ರ್ಯಾಕಿಗೆ ಟಾಟಾ ಏಸ್‌ನಲ್ಲಿ ಹೋಗಿ ಅದರಲ್ಲೇ ಬರುತ್ತದೆ. ಭಾಗವಹಿಸುವ ವರ್ಗದ ನಿಯಮ ಪುಸ್ತಕವನ್ನು ಇಂಜಿನ್ ಬಿಚ್ಚುವ ಮುಂಚೆಯೇ ಓದಬೇಕು. ಬೋರ್ 1 ಮಿ.ಮೀ. ಹೆಚ್ಚಾದರೆ 98 ಸಿ.ಸಿ. ಇಂಜಿನ್ 102 ಆಗುತ್ತದೆ, ಕೆಲವು ವರ್ಗಗಳಲ್ಲಿ ಅಷ್ಟೇ ಸಾಕು ಹೊರಗಿಡಲು.

ಮೊದಲ ಸಲ ಚಾಲೂ ಮಾಡಿದಾಗ ಇಂಜಿನ್ನನ್ನು ಬಿಸಿಯಾಗುವವರೆಗೆ ಓಡಿಸಿ, ಕೈ ಇಡುವಷ್ಟು ತಣ್ಣಗಾಗಲು ಬಿಟ್ಟು, ಹೆಡ್ ನಟ್ಟುಗಳನ್ನು ಮತ್ತೆ ಟಾರ್ಕ್ ಮಾಡಿ, ಹೀಗೆ ಕೆಲವು ಸಲ ಪುನರಾವರ್ತಿಸಿದ ಮೇಲೆಯೇ ಹೊರೆ ಹಾಕಿದೆವು. ಟ್ರ್ಯಾಕಿನಲ್ಲಿ ತಮ್ಮ ಹೇಳಿದ್ದು ನಾನು ಕೇಳಬೇಕೆಂದಿದ್ದ ಮಾತನ್ನೇ: ತಿರುವಿನಿಂದ ಹೊರಗೆ ಬರುವಾಗ ಎರಡನೇ ಗೇರಿನಲ್ಲೇ ಎಳೆಯುತ್ತದೆ, ಕ್ಲಚ್ ಹಿಡಿದು ಏರಿಸುವ ಅಗತ್ಯ ಬೀಳುವುದಿಲ್ಲ, ಮೂರನೆಯದಕ್ಕೆ ಹಾಕಿದಾಗಲೂ ಕುಸಿಯುವುದಿಲ್ಲ. ನೇರ ಓಟದ ಕೊನೆಯಲ್ಲಿ ಒಂದೆರಡು ಗಾಡಿಗಳು ನಮ್ಮದಕ್ಕಿಂತ ವೇಗವಾಗಿದ್ದವು, ಮುಂದಿನ ತಿರುವಿನಲ್ಲಿ ಆ ಅಂತರ ಉಳಿಯುತ್ತಿರಲಿಲ್ಲ.

ಓಟ ಮುಗಿದ ಮೇಲೆ ಬ್ಲಾಕ್ ಎತ್ತಿ ನೋಡಿದಾಗ ರಿಂಗುಗಳು ಸುತ್ತಲೂ ಒಂದೇ ಸಮನೆ ಹೊಳೆಯುತ್ತಿದ್ದವು, ಎಕ್ಸಾಸ್ಟ್ ಬದಿಯಲ್ಲಿ ಉಜ್ಜಿದ ಗುರುತಿರಲಿಲ್ಲ. ಇನ್‌ಟೇಕ್ ಬದಿಯ ಸ್ಕರ್ಟಿನಲ್ಲಿ ಮಾತ್ರ ಕೂದಲೆಳೆಯಂಥ ನಿಂತ ಗೀರುಗಳು ಕಂಡವು. ಅದು ಎರೆ ಮಣ್ಣಿನ ಧೂಳು. ಒಣಗಿದ ಎರೆ ಹಿಟ್ಟಿನಷ್ಟು ನುಣ್ಣಗಾಗುತ್ತದೆ, ಒಂದು ಪದರದ ಫೋಮ್ ಫಿಲ್ಟರಿಗೆ ಅದು ನಿಲ್ಲುವುದಿಲ್ಲ. ಈಗ ಎಣ್ಣೆ ಹಿಂಡಿದ ಎರಡು ಪದರದ ಫೋಮ್ ಹೊಲಿಸಿ, ಫಿಲ್ಟರಿನ ಬಾಯಿಯನ್ನು ಸೀಟಿನ ಕೆಳಗೆ ಎತ್ತರಕ್ಕೆ ತಂದಿದ್ದೇವೆ. ಉಸಿರಾಟ ಸ್ವಲ್ಪ ಬಿಗಿಯಾಗುವುದರಿಂದ ಮೇನ್ ಜೆಟ್ಟನ್ನು ಮತ್ತೆ ದೊಡ್ಡದರಿಂದ ಪರೀಕ್ಷಿಸುತ್ತ ಬರಬೇಕು, ಆ ಕೆಲಸ ನವಲಗುಂದ ಕಡೆಯ ಬಯಲು ಒಣಗಿದ ಮೇಲೆ.